ಕಾಲೇಜಿನ ಜಾಲತಾಣ ಯಾರಿಗಾಗಿ?

ಪ್ರವೇಶದ ಋತು ಸಮೀಪಿಸುತ್ತಿದ್ದಂತೆ ಕಾಲೇಜುಗಳ ಆಡಳಿತ ಮಂಡಳಿಗಳ ಸಭೆಯಲ್ಲಿ ಜಾಲತಾಣದ ವಿಷಯ ಚರ್ಚೆಗೆ ಬರುವುದುಂಟು. ಇರುವುದು ಹಳೆಯದಾಯಿತು, ನೆರೆಯ ಕಾಲೇಜಿನದು ಆಕರ್ಷಕವಾಗಿದೆ, ಹೊಸದನ್ನು ಮಾಡಿಸೋಣ ಎಂಬ ಮಾತಿಗೆ ಎಲ್ಲರೂ ತಲೆದೂಗುತ್ತಾರೆ. ಮೂರು ಕೊಟೇಶನ್ ತರಿಸಿ, ಕಡಿಮೆ ದರ ನಮೂದಿಸಿದವರಿಗೆ ಕೆಲಸ ಒಪ್ಪಿಸಿದರೆ ವಿಷಯ ಮುಗಿಯಿತು. ಈ ಮಂಡಳಿಗಳಲ್ಲಿ ಧರ್ಮದರ್ಶಿಗಳಾಗಿ, ಖಜಾಂಚಿಗಳಾಗಿ ಕುಳಿತಿರುವವರಲ್ಲಿ ವ್ಯಾಪಾರಿಗಳೂ ಸಣ್ಣ ಕೈಗಾರಿಕೋದ್ಯಮಿಗಳೂ ಬಹಳ ಮಂದಿ ಇದ್ದಾರೆ. ತಮ್ಮ ಅಂಗಡಿಗೆ ಒಂದು ಕಪಾಟು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ಇವರು, ಈ ಸಂದರ್ಭದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಈ ತಾಣಕ್ಕೆ ಬರುವವರು ಯಾರು, ಏನನ್ನು ಹುಡುಕಿಕೊಂಡು ಬರುತ್ತಾರೆ?

ಅಮೆರಿಕದ ವ್ಯಂಗ್ಯಚಿತ್ರಕಾರ ರಾಂಡಲ್ ಮನ್ರೊ 2010ರಲ್ಲಿ ಇದೇ ವಿಷಯದ ಮೇಲೆ ಒಂದು ಪುಟ್ಟ ಚಿತ್ರ ಬರೆದರು. ಅದರಲ್ಲಿರುವುದು ಎರಡು ವೃತ್ತಗಳು ಮಾತ್ರ. ವಿಶ್ವವಿದ್ಯಾಲಯದ ತಾಣದ ಮುಖಪುಟದಲ್ಲಿ ಕಾಣುವ ಕಟ್ಟಡಗಳ ಚಿತ್ರ, ಅಧ್ಯಕ್ಷರ ಸಂದೇಶ, ಸಂಸ್ಥೆಯ ಧ್ಯೇಯವಾಕ್ಯ, ಪತ್ರಿಕಾ ಹೇಳಿಕೆ ಮುಂತಾದವು ಒಂದು ವೃತ್ತದಲ್ಲಿ. ಜನರು ನಿಜವಾಗಿ ಹುಡುಕುವ ದೂರವಾಣಿ ಸಂಖ್ಯೆ, ಅರ್ಜಿ ನಮೂನೆ, ಶೈಕ್ಷಣಿಕ ವೇಳಾಪಟ್ಟಿ, ವಿಳಾಸ, ನಕ್ಷೆ ಇತ್ಯಾದಿಗಳು ಮತ್ತೊಂದರಲ್ಲಿ. ಎರಡಕ್ಕೂ ಸಾಮಾನ್ಯವಾಗಿ ಉಳಿದದ್ದು ಸಂಸ್ಥೆಯ ಪೂರ್ಣ ಹೆಸರು ಒಂದೇ. ಚಿತ್ರ ಅಮೆರಿಕದ್ದಾದರೂ ಕರ್ನಾಟಕದ ಯಾವುದೇ ಜಿಲ್ಲಾ ಕೇಂದ್ರದ ಕಾಲೇಜಿನ ತಾಣವನ್ನು ತೆರೆದು ನೋಡಿದವರಿಗೆ ಅದು ಪರಕೀಯವೆನಿಸದು.

ಈ ಲೋಪದಿಂದ ವಾಣಿಜ್ಯ ವಲಯಕ್ಕೆ ಆಗುವ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣಿಸುವುದಿಲ್ಲ, ಆದರೆ ನಷ್ಟವಂತೂ ಹೌದು. ಅಪ್ರೆಂಟಿಸ್ ಕಾಯಿದೆಯ ಅಡಿಯಲ್ಲಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳು, 30 ಅಥವಾ ಹೆಚ್ಚು ಸಿಬ್ಬಂದಿಯುಳ್ಳ ಘಟಕಗಳಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವುದನ್ನು ಕಡ್ಡಾಯಗೊಳಿಸಿ, 4ರಿಂದ 29 ಸಿಬ್ಬಂದಿಯುಳ್ಳ ಘಟಕಗಳಿಗೆ ಐಚ್ಛಿಕವಾಗಿ ಉಳಿಸಿದವು. ಲೇತ್ ಯಂತ್ರಗಳ ಒಂದು ಸಣ್ಣ ಘಟಕದ ಮಾಲೀಕನು ಸಮೀಪದ ಪಾಲಿಟೆಕ್ನಿಕ್‌ನಿಂದ ಇಬ್ಬರು ಹುಡುಗರನ್ನು ಪಡೆಯಲು ಬಯಸಿದನೆಂದುಕೊಳ್ಳೋಣ. ಅವನಿಗೆ ಬೇಕಾದದ್ದು ಪ್ಲೇಸ್‌ಮೆಂಟ್ ಅಧಿಕಾರಿಯ ಹೆಸರು, ದೂರವಾಣಿ ಸಂಖ್ಯೆ, ಅಂತಿಮ ವರ್ಷದ ಪರೀಕ್ಷೆ ಮುಗಿಯುವ ದಿನಾಂಕ ಇಷ್ಟೇ. ತಾಣದಲ್ಲಿ ದೊರೆಯುವುದು ದೊಡ್ಡ ಕಂಪನಿಗಳ ಲಾಂಛನಗಳ ಸಾಲು ಮತ್ತು ಹಾರ ಹಾಕಿಸಿಕೊಂಡ ಗಣ್ಯರ ಭಾವಚಿತ್ರ. ಎರಡು ಬಾರಿ ಹುಡುಕಿ ಬೇಸತ್ತ ಮಾಲೀಕನು ಪರಿಚಯದವರ ಮೂಲಕ ಯಾರನ್ನೋ ನೇಮಿಸಿಕೊಳ್ಳುತ್ತಾನೆ. ಪಾಲಿಟೆಕ್ನಿಕ್‌ನ ಹುಡುಗನಿಗೆ ಕೆಲಸವೊಂದು ತಪ್ಪಿಹೋದದ್ದು ಯಾರಿಗೂ ತಿಳಿಯುವುದೇ ಇಲ್ಲ.

ದಾನಿಗಳ ಪಾಡೂ ಇದಕ್ಕಿಂತ ಭಿನ್ನವಲ್ಲ. 2021ರ ಏಪ್ರಿಲ್ 1ರಿಂದ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಯೋಜನೆಗಳನ್ನು ಕೈಗೊಳ್ಳುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡು ಸಂಖ್ಯೆ ಪಡೆಯಬೇಕೆಂಬ ನಿಯಮ ಜಾರಿಗೆ ಬಂದಿತು. ಮಾರ್ಚ್ ಕೊನೆಯ ವಾರದಲ್ಲಿ ಹಣ ಕೊಡಲು ಸಿದ್ಧವಿರುವ ಕಂಪನಿಯ ಲೆಕ್ಕಾಧಿಕಾರಿ ಹುಡುಕುವುದು ಆ ಸಂಖ್ಯೆಯನ್ನು, ಆದಾಯ ತೆರಿಗೆ ನೋಂದಣಿಯ ವಿವರವನ್ನು. ಅವೆರಡೂ ಒಂದು ಪುಟದಲ್ಲಿ ಸಿಕ್ಕಿದರೆ ಕಾಲೇಜಿಗೇ ಲಾಭ. ಸಂಸ್ಥಾಪಕರ ಸಂದೇಶವನ್ನು ಓದಿ ಚೆಕ್ ಬರೆದ ಲೆಕ್ಕಾಧಿಕಾರಿ ಇನ್ನೂ ಹುಟ್ಟಬೇಕಷ್ಟೆ!

ಬಳಕೆದಾರನ ಅಗತ್ಯದಿಂದಲೇ ಆರಂಭಿಸಿ ತಾಣವನ್ನು ಕಟ್ಟಬಹುದೆಂಬುದಕ್ಕೆ ಬ್ರಿಟನ್ ಸರ್ಕಾರದ ನಿದರ್ಶನವಿದೆ. ಅಲ್ಲಿ ನಾಗರಿಕರಿಗಾಗಿ ಡೈರೆಕ್ಟ್‌ಗವ್, ಉದ್ದಿಮೆದಾರರಿಗಾಗಿ ಬಿಸಿನೆಸ್ ಲಿಂಕ್ ಎಂಬ ತಾಣಗಳಿದ್ದವು. 2012ರ ಅಕ್ಟೋಬರ್‌ನಲ್ಲಿ ಅವೆರಡರ ಸ್ಥಾನದಲ್ಲಿ ಗವ್ ಡಾಟ್ ಯುಕೆ ಎಂಬ ಒಂದೇ ತಾಣ ಬಂದಿತು. ಬಳಕೆದಾರರ ಅಗತ್ಯವೇ ಮೊದಲು ಎಂಬುದು ಅದನ್ನು ರೂಪಿಸಿದವರ ಪ್ರಥಮ ಸೂತ್ರ. ಮೌಲ್ಯವರ್ಧಿತ ತೆರಿಗೆಯ ದರವನ್ನು ಹುಡುಕಿಕೊಂಡು ಬಂದ ವರ್ತಕನಿಗೆ ಅಲ್ಲಿ ಸಚಿವರ ಭಾವಚಿತ್ರ ಎದುರಾಗುವುದಿಲ್ಲ. ದರಗಳ ಪಟ್ಟಿಯೇ ಎದುರಿಗಿರುತ್ತದೆ. ಮುಂದಿನ ಸಾರ್ವತ್ರಿಕ ರಜೆ ಯಾವಾಗ ಎಂದು ಕೇಳಿದವನಿಗೆ ದಿನಾಂಕವೇ ದಪ್ಪಕ್ಷರದಲ್ಲಿ ಕಾಣುತ್ತದೆ. ಅಲಂಕಾರವಿಲ್ಲದ ಈ ತಾಣಕ್ಕೇ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಅತ್ಯುತ್ತಮ ವಿನ್ಯಾಸ ಪ್ರಶಸ್ತಿ ನೀಡಿತೆಂಬುದನ್ನು ಮುಖಪುಟದಲ್ಲಿ ಚಿತ್ರಗಳು ಓಡಬೇಕೆಂದು ಹಠ ಹಿಡಿಯುವ ಧರ್ಮದರ್ಶಿಗಳು ಗಮನಿಸಬಹುದು.

ಕಾಲೇಜುಗಳಿಗೆ ಇಷ್ಟು ದೊಡ್ಡ ಏರ್ಪಾಡು ಅಗತ್ಯವಿಲ್ಲ. ಕಚೇರಿಯ ಕಿಟಕಿಯ ಬಳಿ ಕುಳಿತ ಗುಮಾಸ್ತರಿಗೆ ಒಂದು ನೋಟ್ ಪುಸ್ತಕ ಕೊಟ್ಟು, ಒಂದು ತಿಂಗಳ ಕಾಲ ಬಂದವರು ಮತ್ತು ಫೋನ್ ಮಾಡಿದವರು ಕೇಳಿದ್ದನ್ನು ಬರೆದಿಡಲು ಹೇಳಿದರೆ ಸಾಕು. ಶುಲ್ಕ ಎಷ್ಟು, ಕಂತಿನಲ್ಲಿ ಕಟ್ಟಬಹುದೇ, ಕೊನೆಯ ದಿನ ಯಾವುದು, ಹಾಸ್ಟೆಲಿನಲ್ಲಿ ಸ್ಥಳವಿದೆಯೇ, ವಿದ್ಯಾರ್ಥಿವೇತನದ ಅರ್ಜಿಗೆ ಯಾವ ದಾಖಲೆ ಬೇಕು, ವರ್ಗಾವಣೆ ಪತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬಂಥ ಪ್ರಶ್ನೆಗಳೇ ಅದರಲ್ಲಿ ಮರಮರಳಿ ಬರುತ್ತವೆ. ಕಿರಾಣಿ ಅಂಗಡಿಯವನು ಹೆಚ್ಚು ಬಿಕರಿಯಾಗುವ ಸರಕನ್ನು ಗಲ್ಲಾಪೆಟ್ಟಿಗೆಯ ಕೈಗೆಟುಕಿನಲ್ಲಿಡುವಂತೆ, ಆ ಪುಸ್ತಕದಲ್ಲಿ ಹೆಚ್ಚು ಬಾರಿ ಬಂದ ಪ್ರಶ್ನೆಗಳ ಉತ್ತರ ಮುಖಪುಟದಲ್ಲಿರಬೇಕು. ಶುಲ್ಕದ ವಿಷಯದಲ್ಲಿ ಕೆಲವು ಆಡಳಿತ ಮಂಡಳಿಗಳು ಹಿಂಜರಿಯುವುದು ತಿಳಿಯದ ಸಂಗತಿಯಲ್ಲ. ಬೆಲೆ ಬರೆಯದ ಅಂಗಡಿಯ ಬಗ್ಗೆ ಗ್ರಾಹಕನಿಗೆ ಬರುವ ಸಂಶಯವೇ ಪೋಷಕರಿಗೂ ಬರುತ್ತದೆ.

ಶಾಸನಬದ್ಧ ಪ್ರಕಟಣೆಗಳಿಗೆ ಸ್ಥಳ ಎಲ್ಲಿ ಎಂಬ ಆಕ್ಷೇಪ ಬರಬಹುದು. ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಪಡೆದ ಕಾಲೇಜುಗಳು ಕಡ್ಡಾಯ ಮಾಹಿತಿಯನ್ನು ಪ್ರಕಟಿಸಬೇಕು, ನ್ಯಾಕ್ ಮೌಲ್ಯಮಾಪನಕ್ಕೆ ಒಳಪಟ್ಟ ಕಾಲೇಜುಗಳು ತಮ್ಮ ವರದಿಗಳನ್ನು ತಾಣದಲ್ಲಿಡಬೇಕು. ಇದೆಲ್ಲ ಇರಲೇಬೇಕು. ಆದರೆ ಪರಿಶೀಲನಾ ತಂಡಕ್ಕೆ ಬೇಕಾದ ಕಡತವು ಒಳಪುಟವೊಂದರಲ್ಲಿ ಕ್ರಮವಾಗಿದ್ದರೆ ಸಾಲದೇ? ಆಡಿಟ್‌ಗೆ ಬೇಕಾದ ವೋಚರುಗಳನ್ನು ಯಾವ ವ್ಯಾಪಾರಿಯೂ ಅಂಗಡಿಯ ಬಾಗಿಲಿಗೆ ತೂಗುಹಾಕುವುದಿಲ್ಲ.

ಹೊಸ ತಾಣವನ್ನು ಪರೀಕ್ಷಿಸದೆ ಹಳೆಯದನ್ನು ಮುಚ್ಚುವುದು ಎಷ್ಟು ದುಬಾರಿ ಎಂಬುದನ್ನು ವ್ಯಾಪಾರಿ ಬಂಧುಗಳಿಗೆ ವಿವರಿಸಬೇಕಾಗಿಲ್ಲ. 2021ರ ಜೂನ್ 7ರಂದು ಆರಂಭವಾದ ಆದಾಯ ತೆರಿಗೆಯ ಹೊಸ ಪೋರ್ಟಲ್‌ನ ತೊಡಕುಗಳಿಂದ ಆ ವರ್ಷದ ರಿಟರ್ನ್ ಸಲ್ಲಿಕೆಯ ಗಡುವು ಡಿಸೆಂಬರ್ 31ರವರೆಗೆ ಮುಂದೆ ಹೋದದ್ದು ಎಲ್ಲರಿಗೂ ನೆನಪಿದೆ. ಪರೀಕ್ಷೆಗೆ ದೊಡ್ಡ ವೆಚ್ಚವೂ ಬೇಕಿಲ್ಲ. ಈ ಶಾಸ್ತ್ರದ ತಜ್ಞ ಜೇಕಬ್ ನೀಲ್ಸನ್, ಐದು ಮಂದಿ ಬಳಕೆದಾರರನ್ನು ಕೂರಿಸಿ ನೋಡಿದರೆ ಬಹುಪಾಲು ದೋಷಗಳು ಹೊರಬೀಳುತ್ತವೆಂದು 2000ದಲ್ಲೇ ಬರೆದಿದ್ದಾರೆ. ಹಳ್ಳಿಯಿಂದ ಬಂದ ಒಬ್ಬ ತಂದೆ, ಪ್ರಥಮ ವರ್ಷದ ವಿದ್ಯಾರ್ಥಿನಿ, ಹಳೆಯ ವಿದ್ಯಾರ್ಥಿ, ಕಾರ್ಖಾನೆಯ ಮಾಲೀಕ, ದಾನಿಯ ಲೆಕ್ಕಾಧಿಕಾರಿ, ಈ ಐವರ ಕೈಗೆ ಅಗ್ಗದ ಮೊಬೈಲ್ ಕೊಟ್ಟು ತಮಗೆ ಬೇಕಾದದ್ದನ್ನು ಹುಡುಕಲು ಹೇಳಿ, ಯಾರೂ ಸಹಾಯ ಮಾಡದೆ ಸುಮ್ಮನೆ ನೋಡಬೇಕು. ಆ ತಂದೆಗೆ ಇಂಗ್ಲಿಷ್ ಬಾರದಿದ್ದರೆ ಪ್ರವೇಶದ ಪುಟ ಕನ್ನಡದಲ್ಲೂ ಇರಬೇಕಾದ ಅಗತ್ಯ ಅಲ್ಲೇ ಸಿದ್ಧವಾಗುತ್ತದೆ. ಸ್ಕ್ಯಾನ್ ಮಾಡಿ ಓರೆಯಾಗಿ ಅಂಟಿಸಿದ ಸುತ್ತೋಲೆಗಳನ್ನು ಮೊಬೈಲ್ ಪರದೆಯಲ್ಲಿ ಓದಲಾಗದು ಎಂಬುದೂ ತಿಳಿಯುತ್ತದೆ.

ಇನ್ನು ಹಣದ ಮಾತು. ತಾಣದ ನಿರ್ಮಾಣವನ್ನು ಕಟ್ಟಡ ಕಟ್ಟಿದಂತೆ ಒಮ್ಮೆ ಮಾಡಿ ಮುಗಿಸುವ ವೆಚ್ಚವೆಂದು ಭಾವಿಸಿರುವುದೇ ಮೂಲ ದೋಷ. ಉದ್ಘಾಟನೆಯ ದಿನ ಸರಿಯಿದ್ದ ದಿನಾಂಕಗಳು ಮರುವರ್ಷವೂ ಹಾಗೆಯೇ ಉಳಿದು, ನಿವೃತ್ತರಾದ ಪ್ರಾಂಶುಪಾಲರ ದೂರವಾಣಿ ಸಂಖ್ಯೆಗೆ ಪೋಷಕರು ಕರೆ ಮಾಡುತ್ತಿರುತ್ತಾರೆ. ಮುಂದಿನ ಮುಂಗಡಪತ್ರ ಮಂಡಿಸುವಾಗ ಖಜಾಂಚಿಗಳು ನಿರ್ಮಾಣದ ಮೊತ್ತವನ್ನು ತುಸು ಇಳಿಸಿ, ಪ್ರತಿ ತಿಂಗಳ ನಿರ್ವಹಣೆಗೆಂದು ಪ್ರತ್ಯೇಕ ಬಾಬ್ತು ತೆರೆಯಲಿ; ಯಾವ ಪುಟ ಯಾರ ಜವಾಬ್ದಾರಿ ಎಂಬುದನ್ನು ಠರಾವಿನಲ್ಲಿ ಹೆಸರು ಸಹಿತ ದಾಖಲಿಸಲಿ. ತಮ್ಮದೇ ಭಾವಚಿತ್ರವನ್ನು ಮುಖಪುಟದಿಂದ ಒಳಪುಟಕ್ಕೆ ಕಳಿಸುವ ಸೂಚನೆಯನ್ನು ಅದೇ ಸಭೆಯಲ್ಲಿ ಅವರೇ ಮಂಡಿಸಿದರೆ ಉಳಿದ ಸದಸ್ಯರು ಬೇಡವೆನ್ನುವುದು ಕಷ್ಟ.