ಚಪ್ಪಲಿ ಬಿಚ್ಚಿಸದ ಚಿಕಿತ್ಸೆ ಯಾರಿಗೆ ಬೇಕು?

ಕಾಲಿನ ಹೆಬ್ಬೆರಳ ಬುಡದ ಕೀಲು ನೋಯುತ್ತಿದೆ ಅಂತ ಹೋದರೆ ನಮ್ಮ ಕಡೆ ಸಿಗುವುದು ಎರಡೇ ಉತ್ತರ. ಒಂದು, ಸೊಂಟಕ್ಕೆ ನೋವಿನ ಇಂಜೆಕ್ಷನ್. ಇನ್ನೊಂದು, "ವಯಸ್ಸಾಯ್ತಲ್ಲ, ಹಾಗೇ ಇರುತ್ತೆ". ಚಪ್ಪಲಿ ಬಿಚ್ಚಿಸಿ, ಬೆರಳು ಮಡಚಿ ನೋಡುವವರು ಕಡಿಮೆ. ಇದಕ್ಕೆ ಚಿಕಿತ್ಸೆ ಅಂತ ಹೆಸರಿಡಬೇಡಿ.

ಈ ನೋವಿಗೆ ಕಾರಣ ಒಂದಲ್ಲ. ರಾತ್ರೋರಾತ್ರಿ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಗೌಟ್ ಇರಬಹುದು. ಅದು ಯೂರಿಕ್ ಆಸಿಡ್ ಹರಳುಗಳ ಕಾಯಿಲೆ, ಸಾಮಾನ್ಯವಾಗಿ ಮಾತ್ರೆಯಲ್ಲೇ ಹತೋಟಿಗೆ ಬರುತ್ತದೆ. ಹೆಬ್ಬೆರಳು ಪಕ್ಕಕ್ಕೆ ವಾಲಿ ಬುಡದಲ್ಲಿ ಗಂಟು ಎದ್ದಿದ್ದರೆ ಅದು ಬನಿಯನ್ (ಮೈಗೆ ಹಾಕುವ ಬನಿಯನ್ ಅಲ್ಲ). ಬೆರಳು ಮೇಲಕ್ಕೆ ಮಡಚಲಾಗದಿದ್ದರೆ ಕೀಲು ಸವೆದಿರಬಹುದು. ಮೂರಕ್ಕೂ ಒಂದೇ ಸೂಜಿ ಮದ್ದೇ? ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಅಪಾಯ.

ಹಾಗಂತ ಗಂಟು ಕಂಡ ಕೂಡಲೇ ಆಪರೇಷನ್ ಅನ್ನುವವರನ್ನೂ ನಂಬಬೇಡಿ. ನೋವಿಲ್ಲದ ಗಂಟಿಗೆ, ಬರೀ ಚಂದಕ್ಕೆ ಕತ್ತರಿ ಬೇಡ. ಮೊದಲು ಮುಂಭಾಗ ಅಗಲವಿರುವ, ಅಟ್ಟೆ ಗಟ್ಟಿಯಿರುವ ಚಪ್ಪಲಿ ಹಾಕಿ ನೋಡಿ. ಸುಮಾರು 3 ತಿಂಗಳು ಹೀಗೆ ಮಾಡಿಯೂ ನೋವು ಇಳಿಯದೆ, ಬದು ಹತ್ತಲು, ಹೊಲಕ್ಕೆ ನಡೆಯಲು ಆಗದಿದ್ದರೆ ಮೂಳೆ ತಜ್ಞರಿಗೆ ರೆಫರ್ ಮಾಡಲೇಬೇಕು. ನಿಂತ ಭಂಗಿಯಲ್ಲಿ ಎಕ್ಸ್-ರೇ ತೆಗೆಸಿ. ಕೀಲನ್ನು ಬೆಸೆಯುವ ಆಪರೇಷನ್ ಆದರೆ ನೋವು ಹೋಗಬಹುದು, ಆದರೆ ಆ ಕೀಲು ಮತ್ತೆ ಮಡಚುವುದಿಲ್ಲ. ತುದಿಗಾಲಲ್ಲಿ ಕೂತು ಕಳೆ ಕೀಳುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಕೆಲವರು ಒಂದು ದಿನವೂ ಕಾಯಬಾರದು. ಕೀಲು ಬಿಸಿಯಾಗಿ ಊದಿ ಜ್ವರ ಬಂದರೆ, ಸಕ್ಕರೆ ಕಾಯಿಲೆಯವರ ಪಾದದಲ್ಲಿ ಹುಣ್ಣಾದರೆ, ಬೆರಳು ಕಪ್ಪಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ರೆಫರಲ್ ಚೀಟಿ ಕೇಳಿದರೆ ಮುಖ ಸಿಂಡರಿಸುವವರಿದ್ದಾರೆ. ಆದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ತುರ್ತಲ್ಲದ ಚಿಕಿತ್ಸೆಯನ್ನು ಈ ಯೋಜನೆಯಡಿ ಖಾಸಗಿ ಆಸ್ಪತ್ರೆಯಲ್ಲಿ ಪಡೆಯಲು ಸರ್ಕಾರಿ ಆಸ್ಪತ್ರೆಯ ಆ ಚೀಟಿಯೇ ಬೇಕು. ಚೀಟಿ ತಪ್ಪಿದರೆ ಬಡವರು ಸಾಲಕ್ಕೆ ಬೀಳುತ್ತಾರೆ, ಇಲ್ಲವೇ ಕುಂಟುತ್ತಲೇ ಕೂಲಿಗೆ ಹೋಗುತ್ತಾರೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಕಾಲೇ ಬಂಡವಾಳ ಆಗಿರುವ ಜನ ನಾವು. ಮುಂದಿನ ಸಲ ಸೂಜಿ ಎತ್ತಿದವರಿಗೆ ಒಂದೇ ಮಾತು ಹೇಳಿ: "ಮೊದಲು ಕಾಲು ನೋಡಿ ಸಾರ್."