‘ಟೆನ್ಶನ್ ಎಲ್ಲಾ ಬೆಂಗಳೂರಿನವರಿಗೆ’ ಎನ್ನುವವರಿಗೆ: ಕೆಲಸದ ಒತ್ತಡದ ಬಗ್ಗೆ ನಾಲ್ಕು ತಪ್ಪು ನಂಬಿಕೆಗಳು

ಬೆಳಗ್ಗೆ ಗುಡ್ ಮಾರ್ನಿಂಗ್ ಚಿತ್ರದ ಹಿಂದೆಯೇ ಬರುವ ಒಂದು ಬಗೆಯ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರುತ್ತದೆ. ಅಜ್ಜ ಹಗಲಿಡೀ ಹೊಲದಲ್ಲಿ ದುಡಿದರೂ ಅವರಿಗೆ ಡಿಪ್ರೆಶನ್ ಬರಲಿಲ್ಲ, ಈಗಿನವರಿಗೆ ನೆರಳಲ್ಲಿ ಕೂತು ಮಾಡುವ ಕೆಲಸಕ್ಕೂ ಟೆನ್ಶನ್ ಎನ್ನುವುದು ಅದರ ಸಾರ. ಧ್ಯಾನ ಮಾಡಿ, ಪಾಸಿಟಿವ್ ಆಗಿ ಯೋಚಿಸಿ, ಹತ್ತು ಜನರಿಗೆ ಕಳುಹಿಸಿ ಎಂದು ಮುಗಿಯುತ್ತದೆ.

ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಗ್ರೂಪಿನಲ್ಲಿ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಬಾರದ ಒಬ್ಬರು ಇರಬಹುದು. ಅವರು ಅದನ್ನು ಓದಿ, ‘ತಪ್ಪು ನನ್ನದೇ’ ಅಂದುಕೊಂಡು ಸುಮ್ಮನಾಗುತ್ತಾರೆ. ನಮಗೆ ಚಿಂತೆ ಇರುವುದು ಅವರ ಬಗ್ಗೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. ಇಲ್ಲಿ ಗಾಜಿನ ಕಟ್ಟಡದ ಕಂಪನಿಗಳಿಲ್ಲ. ಇರುವುದು ತಾಲ್ಲೂಕು ಕಚೇರಿ, ಶಾಲೆ, ಆಸ್ಪತ್ರೆ, ಬ್ಯಾಂಕು, ಬಸ್‌ ನಿಲ್ದಾಣ, ಬಟ್ಟೆ ಅಂಗಡಿ, ಅಡಿಕೆ ಸುಲಿಯುವ ಮನೆ. ಇಲ್ಲಿ ದುಡಿಯುವವರಿಗೆ ಆ ಫಾರ್ವರ್ಡ್ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ನಂಬಿಕೆ 1: ಕೆಲಸದ ಒತ್ತಡ ದೊಡ್ಡ ಊರಿನ ಕಾಯಿಲೆ

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ವಯಸ್ಕರಲ್ಲಿ ಶೇ. 10ಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದು ಕಂಡುಬಂತು. ಮಹಾನಗರಗಳಲ್ಲಿ ಪ್ರಮಾಣ ಹೆಚ್ಚಿತ್ತು, ನಿಜ. ಆದರೆ ಹಳ್ಳಿಗಳೂ ಇದರಿಂದ ಹೊರಗಿರಲಿಲ್ಲ. ಅಜ್ಜನ ಕಾಲದಲ್ಲಿ ಇಲ್ಲದ್ದು ಡಿಪ್ರೆಶನ್ ಎನ್ನುವ ಪದ. ಆಗ ‘ಮಂಕಾಗಿದ್ದಾನೆ’, ‘ಗಾಳಿ ಸೋಕಿದೆ’ ಅನ್ನುತ್ತಿದ್ದರು, ಅಷ್ಟೇ.

ಕೆಲಸದ ವಿಷಯಕ್ಕೆ ಬಂದರೆ, ಸಾಕ್ಷಿಗೆ ದೂರ ಹೋಗಬೇಕಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಒಂದು ಡಜನ್‌ಗೂ ಹೆಚ್ಚು ಆ್ಯಪ್‌ಗಳ ಕೆಲಸವನ್ನು ಏಕಕಾಲಕ್ಕೆ ಮಾಡಬೇಕು, ಅದಕ್ಕೆ ತಕ್ಕ ಸೌಲಭ್ಯವಿಲ್ಲ, ಒತ್ತಡ ತಡೆಯಲಾಗುತ್ತಿಲ್ಲ ಎಂಬುದು ಅವರ ದೂರುಗಳಲ್ಲಿ ಮುಖ್ಯವಾದದ್ದು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಮಾಡಿದರು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ ಎಂಬ ಅಳಲು ಅವರದ್ದು. ಇವರಾರೂ ದೊಡ್ಡ ಊರಿನ ಕಂಪನಿಯವರಲ್ಲ. ನಿಮ್ಮ ಊರಿನಲ್ಲೇ ಪಹಣಿ ನೋಡುವವರು, ಬಾಣಂತಿಯನ್ನು ವಿಚಾರಿಸುವವರು.

ನಂಬಿಕೆ 2: ಮನಸ್ಸು ಗಟ್ಟಿ ಇದ್ದರೆ ಏನೂ ಆಗುವುದಿಲ್ಲ

ಇದು ಎಲ್ಲಕ್ಕಿಂತ ಹೆಚ್ಚು ಹರಡಿರುವ ಮಾತು, ಹೆಚ್ಚು ಹಾನಿ ಮಾಡುವುದೂ ಇದೇ.

1979ರಲ್ಲಿ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ ಒಂದು ಸರಳ ವಿಷಯ ತೋರಿಸಿಕೊಟ್ಟರು. ಕೆಲಸ ಜಾಸ್ತಿ ಇರುವುದೊಂದೇ ಮನುಷ್ಯನನ್ನು ಹಣ್ಣು ಮಾಡುವುದಿಲ್ಲ. ಕೆಲಸ ಜಾಸ್ತಿ, ಜೊತೆಗೆ ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ನಿರ್ಧರಿಸುವ ಹಿಡಿತ ಇಲ್ಲ ಎಂದಾಗ ತೊಂದರೆ ಹೆಚ್ಚುತ್ತದೆ.

ಒಂದು ಉದಾಹರಣೆ. ಬ್ಯಾಂಕಿನ ಕೌಂಟರ್‌ನಲ್ಲಿ ಒಬ್ಬರೇ ಇದ್ದಾರೆ. ಸರ್ವರ್ ಡೌನ್. ಎದುರು ಮೂವತ್ತು ಜನರ ಸಾಲು. ಬೈಗುಳ ಅವರಿಗೆ, ಸರ್ವರ್ ಸರಿಮಾಡುವ ಅಧಿಕಾರ ಅವರಿಗಿಲ್ಲ. ಈ ಜಾಗದಲ್ಲಿ ಯಾರನ್ನು ಕೂರಿಸಿದರೂ ಸಂಜೆ ಹೊತ್ತಿಗೆ ತಲೆ ಸಿಡಿಯುತ್ತದೆ. ಅದಕ್ಕೆ ಮನಸ್ಸು ಗಟ್ಟಿ, ಮೆತ್ತಗೆ ಎಂಬ ಲೆಕ್ಕ ಬರುವುದಿಲ್ಲ.

ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ‘ವೈಟ್‌ಹಾಲ್’ ಅಧ್ಯಯನಗಳೂ ಇದನ್ನೇ ಬೇರೆ ದಾರಿಯಿಂದ ತೋರಿಸಿದವು. ‘ದೊಡ್ಡ ಸಾಹೇಬರಿಗೇ ಟೆನ್ಶನ್ ಜಾಸ್ತಿ’ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಹೃದ್ರೋಗ ಹೆಚ್ಚು ಕಂಡದ್ದು ಕೆಳಗಿನ ದರ್ಜೆಯ ನೌಕರರಲ್ಲಿ. ಸಿಗರೇಟು, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಆ ವ್ಯತ್ಯಾಸ ಪೂರ್ತಿ ಮಾಯವಾಗಲಿಲ್ಲ. ಕೆಲಸದ ಮೇಲೆ ಹಿಡಿತ ಕಡಿಮೆ ಇರುವುದು ಒಂದು ಕಾರಣವೆಂದು ಮುಂದಿನ ಹಂತದ ಅಧ್ಯಯನ ಗುರುತಿಸಿತು.

ಹಾಗಾದರೆ ಧ್ಯಾನ ಬೇಡವೇ? ಬೇಕೆನಿಸಿದರೆ ಖಂಡಿತ ಮಾಡಿ, ಅದರಿಂದ ನೆಮ್ಮದಿ ಸಿಗುವವರಿದ್ದಾರೆ. ಆದರೆ ಕಚೇರಿಯೊಂದು ಧ್ಯಾನದ ಶಿಬಿರ ಮಾಡಿಸಿ ಕೈತೊಳೆದುಕೊಂಡರೆ ಸಾಲದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ನೋಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒತ್ತಡ ನಿಭಾಯಿಸುವ ತರಬೇತಿ, ಧ್ಯಾನದ ಕ್ಲಾಸು, ಆ್ಯಪ್ ಇವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಚೆನ್ನಾಗಿರುವುದು ಅದರಲ್ಲಿ ಕಾಣಲಿಲ್ಲ. ಸೋರುವ ಮಾಡಿನ ಕೆಳಗೆ ಮಲಗಿದವನಿಗೆ ಒಳ್ಳೆಯ ಕಂಬಳಿ ಕೊಟ್ಟ ಹಾಗೆ ಇದು. ಮೊದಲು ಹೆಂಚು ಸರಿಮಾಡಬೇಕು.

ನಂಬಿಕೆ 3: ಜಾಸ್ತಿ ಹೊತ್ತು ದುಡಿದವನೇ ಶ್ರಮಜೀವಿ

2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಬೆಂಗಳೂರಿನಲ್ಲಿ ದೊಡ್ಡ ಚರ್ಚೆಯಾಯಿತು. ಆದರೆ ಸಣ್ಣ ಊರಿನ ಅಂಗಡಿಗಳಲ್ಲಿ ಆ ಲೆಕ್ಕ ಎಂದೋ ದಾಟಿದೆ. ಬೆಳಗ್ಗೆ 9ಕ್ಕೆ ಬಾಗಿಲು ತೆಗೆದು ರಾತ್ರಿ 9ಕ್ಕೆ ಹಾಕಿದರೆ, ವಾರಕ್ಕೆ ಆರು ದಿನಕ್ಕೆ 72 ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದ್ದು ಹೀಗೆ: ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35 ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17 ಹೆಚ್ಚು. ಜಾಸ್ತಿ ದುಡಿದವರಿಗೆಲ್ಲ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ‘ದುಡಿದು ಸತ್ತವರಿಲ್ಲ’ ಎಂಬ ಮಾತು ಸುಳ್ಳು ಎಂದಂತೂ ಹೇಳಬಹುದು.

ನಂಬಿಕೆ 4: ಮನೋವೈದ್ಯರ ಹತ್ತಿರ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಾತ್ರೆ ಬಿಡಲಾಗುವುದಿಲ್ಲ

ಸಣ್ಣ ಊರಿನಲ್ಲಿ ಈ ಭಯಕ್ಕೆ ಕಾರಣವಿದೆ. ಆಸ್ಪತ್ರೆಯ ಬಾಗಿಲಲ್ಲೇ ‘ಏನ್ ಸರ್, ಇಲ್ಲಿ?’ ಎಂದು ಕೇಳುವವರು ಸಿಗುತ್ತಾರೆ. ಆದರೂ ಕಾನೂನು ನಿಮ್ಮ ಪರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಅದು ನಿಮ್ಮ ಹಕ್ಕು.

ಖಿನ್ನತೆಗೆ ಕೊಡುವ ಮಾತ್ರೆಗಳು ಹೆಂಡದ ಹಾಗೆ ಚಟ ಹಿಡಿಸುವಂಥವಲ್ಲ. ಆದರೆ ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು. ವೈದ್ಯರು ಹೇಳಿದಂತೆ ನಿಧಾನವಾಗಿ ಕಡಿಮೆ ಮಾಡಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದೂ ಇಲ್ಲ, ಹಲವರಿಗೆ ಆಪ್ತಸಮಾಲೋಚನೆಯೇ ಸಾಕು.

ಹಾಗಾದರೆ ಯಾವಾಗ ಹೋಗಬೇಕು? ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಹೆಚ್ಚಿನ ಹೊತ್ತು ಬೇಸರ, ನಿದ್ದೆ ಕೆಡುವುದು, ಇಷ್ಟದ ಯಾವುದೂ ಬೇಡವೆನಿಸುವುದು, ಕುಡಿತ ಹೆಚ್ಚುವುದು, ಕಾರಣ ಸಿಗದ ಮೈಕೈ ನೋವು ಇದ್ದರೆ ತಡಮಾಡಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ.

ಜೊತೆಗೆ ಕೆಲಸ ಮಾಡುವವರ ಬಾಯಲ್ಲಿ ಅಂಥ ಮಾತು ಕೇಳಿದರೆ, ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎನ್ನುವುದೂ ತಪ್ಪು ನಂಬಿಕೆಯೇ. ಕೇಳುವವರೊಬ್ಬರು ಸಿಕ್ಕರೆ ಎದೆಯ ಭಾರ ಇಳಿಯುತ್ತದೆ. ಅವರನ್ನು ಒಬ್ಬರನ್ನೇ ಬಿಡಬೇಡಿ.

ಸಹಾಯ ಎಲ್ಲಿದೆ?

- ಟೆಲಿ ಮನಸ್: 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.
- ಮನೋಚೈತನ್ಯ: ಮನೋವೈದ್ಯರ ತಂಡ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಕಾರ್ಯಕ್ರಮ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ.
- ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ.

ಇಂಥ ಸೇವೆಗೆ ನಮ್ಮ ಸೀಮೆಯೇ ದಾರಿ ತೋರಿಸಿತ್ತು ಎನ್ನುವುದು ಹಲವರಿಗೆ ಗೊತ್ತಿಲ್ಲ. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವುದನ್ನು ಕಲಿಸಿತು. ಜಗಳೂರಿನ ಪಕ್ಕದ ಕೂಡ್ಲಿಗಿ ಆಗ ಅದೇ ಜಿಲ್ಲೆಯಲ್ಲಿತ್ತು. ಆ ‘ಬಳ್ಳಾರಿ ಮಾದರಿ’ಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಕೆಲಸದ ಜಾಗದಲ್ಲಿ ಏನು ಬದಲಿಸಬಹುದು?

ಇವು ಹೆಚ್ಚು ಖರ್ಚಿಲ್ಲದ ಕೆಲಸಗಳು. ನಿಮ್ಮ ಕೈಕೆಳಗೆ ಇಬ್ಬರೇ ಇದ್ದರೂ ಇವು ನಿಮಗೆ ಅನ್ವಯಿಸುತ್ತವೆ.

- ತಪ್ಪು ಹೇಳುವುದಿದ್ದರೆ ಒಳಗೆ ಕರೆದು ಹೇಳಿ. ಎಲ್ಲರ ಎದುರು, ಗ್ರೂಪಿನಲ್ಲಿ ಹೆಸರು ಹಾಕಿ ಬೈಯಬೇಡಿ.
- ರಾತ್ರಿ ಮೆಸೇಜಿಗೆ ಬೆಳಗ್ಗೆ ಉತ್ತರ ಕೊಟ್ಟರೆ ಸಾಕು ಎಂದು ಮೊದಲೇ ತಿಳಿಸಿ. ತುರ್ತಿದ್ದರೆ ಫೋನ್ ಮಾಡಿ.
- ಒಂದೇ ಮಾಹಿತಿಯನ್ನು ಮೂರು ಕಡೆ ತುಂಬಿಸುತ್ತಿದ್ದರೆ, ಯಾವುದನ್ನು ಕೈಬಿಡಬಹುದೆಂದು ಆ ಕೆಲಸ ಮಾಡುವವರನ್ನೇ ಕೇಳಿ.
- ರಜೆ, ಪಾಳಿ ಮೊದಲೇ ಗೊತ್ತಾಗಲಿ. ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಕೂರಲು ಕುರ್ಚಿ ಇರಲಿ.
- ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಿದೆ. ಹತ್ತು ಅಥವಾ ಹೆಚ್ಚು ಜನರಿದ್ದರೆ ಅಲ್ಲೇ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಅಡಿಕೆ ಸುಲಿಯಲು ಹೋಗುವವರಿಗೂ, ಮನೆಗೆಲಸದವರಿಗೂ ಈ ಕಾಯ್ದೆ ಅನ್ವಯಿಸುತ್ತದೆ.

ಕೊನೆಯ ಮಾತು

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವ ಫಾರ್ವರ್ಡ್ ಸೋತವರ ತಲೆಯ ಮೇಲೆ ಇನ್ನೊಂದು ಹೊರೆ ಇಡುತ್ತದೆ. ಮುಂದಿನ ಸಲ ಅದು ನಿಮಗೆ ಬಂದರೆ ಅಲ್ಲೇ ನಿಲ್ಲಿಸಿ. ಅದರ ಬದಲು 14416 ಎಂಬ ಸಂಖ್ಯೆಯನ್ನು ಗ್ರೂಪಿಗೆ ಹಾಕಿ. ಈಚೆಗೆ ಗ್ರೂಪಿನಲ್ಲಿ ಮಾತು ಕಡಿಮೆ ಮಾಡಿರುವ ಒಬ್ಬರಿಗೆ ಮಾತ್ರ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳಿ ಮಾತು ಶುರು ಮಾಡಿ.