ವಿಷಕ್ಕೂ ಒಂದು ವಾಯಿದೆ ಇರಲಿ

ಮೊನೊಕ್ರೊಟೊಫಾಸ್ ಕೀಟನಾಶಕವನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಹೇಳಿತ್ತು. ಬೇರೆ ಬೆಳೆಗಳ ಹೆಸರಿನಲ್ಲಿ ಮಾರಾಟ ಮಾತ್ರ ನಡೆದೇ ಇತ್ತು. ಡಬ್ಬಿ ಹೊಲ ಸೇರಿದ ಮೇಲೆ ಅದು ಹತ್ತಿಗೆ ಹೋಯಿತೋ ಬದನೆಗೆ ಹೋಯಿತೋ ನೋಡುವವರಾರು? 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರ ಬಿಸಿಯೂಟದಲ್ಲಿ ಇದೇ ವಿಷ ಬೆರೆತು 23 ಮಕ್ಕಳು ಪ್ರಾಣಬಿಟ್ಟರು.

ಬೇರೆ ದೇಶಗಳು ನಿಷೇಧಿಸಿದ ಅಥವಾ ನಿರ್ಬಂಧಿಸಿದ, ನಮ್ಮಲ್ಲಿ ಬಳಕೆಯಲ್ಲಿದ್ದ 66 ಕೀಟನಾಶಕಗಳ ಮರುಪರಿಶೀಲನೆಗೆ ಅದೇ ವರ್ಷ ಅನುಪಮ್ ವರ್ಮಾ ಸಮಿತಿ ರಚನೆಯಾಯಿತು. 2018ರಲ್ಲಿ 18 ಕೀಟನಾಶಕಗಳನ್ನು ಕೈಬಿಡುವ ಆದೇಶ ಬಂತು, ಮೊನೊಕ್ರೊಟೊಫಾಸ್ ಅದರಲ್ಲಿರಲಿಲ್ಲ. 2020ರಲ್ಲಿ 27ರ ನಿಷೇಧಕ್ಕೆ ಕರಡು ಹೊರಬಿತ್ತು, ಅದರಲ್ಲಿತ್ತು. ಅದರ ಶೇ 36ರ ದ್ರಾವಣದ ನಿಷೇಧಕ್ಕೆ ಆದೇಶ ಹೊರಟದ್ದು 2023ರಲ್ಲಿ. ಹತ್ತು ವರ್ಷ!

ಸರ್ಕಾರಿ ಎಂಜಿನಿಯರನಾಗಿದ್ದ ನನಗೆ ಸೇತುವೆ ಕಟ್ಟಿ ಕೈತೊಳೆದುಕೊಳ್ಳುವ ಅವಕಾಶವಿರಲಿಲ್ಲ. ಕಾಲಕಾಲಕ್ಕೆ ತಪಾಸಣೆ ನಡೆಯಲೇಬೇಕಿತ್ತು. ಆದರೆ 1968ರ ಕೀಟನಾಶಕ ಕಾಯ್ದೆಯಡಿ ಒಮ್ಮೆ ಆದ ನೋಂದಣಿಗೆ ಕೊನೆಯ ದಿನವೇ ಇಲ್ಲ. ತೆಗೆಯಬೇಕೆಂದರೆ ಸಮಿತಿ, ಕರಡು, ಆಕ್ಷೇಪಣೆ. ಅಷ್ಟರವರೆಗೆ ಕೈಗವಸು, ಮುಖಗವಸಿಲ್ಲದೆ ಬಿಸಿಲಲ್ಲಿ ಸಿಂಪಡಿಸುವ ಕೂಲಿಯವನ ಮೈಯೇ ಪ್ರಯೋಗಶಾಲೆ.

ನೋಂದಣಿಗೆ ನಿಗದಿತ ಅವಧಿಯಿರಲಿ. ಅವಧಿ ಮುಗಿದಾಗ, ನಮ್ಮ ಹೊಲಗಳ ಸ್ಥಿತಿಯಲ್ಲೇ ಸುರಕ್ಷಿತವೆಂದು ತಯಾರಕನೇ ಸಾಬೀತುಪಡಿಸಲಿ. ಆಗದಿದ್ದರೆ ನೋಂದಣಿ ತಾನಾಗಿಯೇ ರದ್ದಾಗಲಿ. ಕಾಯಕವೇ ಕೈಲಾಸವೆಂದು ನಂಬಿದ ನಾವು ಕಾಯಕಜೀವಿಯ ಉಸಿರಿನ ಬಗ್ಗೆ ಸುಮ್ಮನಿರಲಾಗದು. ಮಠಗಳ ಮಾಸಿಕ ಗೋಷ್ಠಿಗಳಲ್ಲಿ ಈ ವಿಷಯ ಚರ್ಚೆಯಾಗಲಿ, ಊರೂರಿನಿಂದ ಸಂಸದರಿಗೆ ಮನವಿ ಹೋಗಲಿ. ದಾಸೋಹದ ಅನ್ನ ಬೆಳೆದವನಿಗೂ ಉಂಡವನಿಗೂ ನಿರ್ವಿಷವಾಗಿರಬೇಕು.